ಹೊಸ ಸ್ಟೀರಿಯೋ ಹಾಕಿಸಿದ ಮೇಲೆ ಬ್ಯಾಟರಿ ಇಳಿಯುತ್ತಿದೆ, ಯಾಕೆ?

ಪ್ರಶ್ನೆ (ದಾವಣಗೆರೆಯಿಂದ):

ನಮಸ್ಕಾರ ಸರ್. ನನ್ನದು 2016ರ ಸ್ವಿಫ್ಟ್, ಪೆಟ್ರೋಲ್. ಎರಡು ತಿಂಗಳ ಹಿಂದೆ ಹಳೇ ಸ್ಟೀರಿಯೋ ತೆಗೆಸಿ 9 ಇಂಚಿನ ಆಂಡ್ರಾಯ್ಡ್ ಸೆಟ್ ಹಾಕಿಸಿದೆ, ಸೀಟಿನ ಕೆಳಗೆ ನಾಲ್ಕು ಚಾನೆಲ್ ಆಂಪ್ಲಿಫೈಯರ್ ಕೂರಿಸಿದ್ದಾರೆ. ಹಾಡು ಚೆನ್ನಾಗಿಯೇ ಬರುತ್ತೆ. ಆದರೆ ಕಾರು ಎರಡು ದಿನ ಮನೆ ಮುಂದೆ ನಿಂತರೆ ಸಾಕು, ಮೂರನೇ ದಿನ ಸೆಲ್ಫ್ ಹೊಡೆಯಲ್ಲ, ಟಿಕ್ ಟಿಕ್ ಅನ್ನುತ್ತೆ ಅಷ್ಟೇ. ಇನ್ನೊಂದು, ಆಕ್ಸಿಲರೇಟರ್ ಒತ್ತಿದ ಹಾಗೆ ಸ್ಪೀಕರಿನಲ್ಲಿ ಕುಂಯ್ ಅಂತ ಸದ್ದು ಏರುತ್ತೆ, ಬಿಟ್ಟರೆ ಇಳಿಯುತ್ತೆ. ಹಾಕಿಕೊಟ್ಟವರು "ಬ್ಯಾಟರಿ ವೀಕ್ ಆಗಿದೆ, ಹೊಸದು ಹಾಕಿಸಿ" ಅಂತಾರೆ. ಬ್ಯಾಟರಿ ತಗೊಂಡು ಒಂದು ವರ್ಷ ಆಗಿದೆ ಅಷ್ಟೇ. ಏನು ಮಾಡಲಿ?

ಉತ್ತರ (ಕಾರ್ ಆಡಿಯೋ ಕೆಲಸ ಮಾಡುವವರಿಂದ):

ಬ್ಯಾಟರಿ ಈಗಲೇ ತಗೋಬೇಡಿ. ಹೊಸದು ಹಾಕಿದರೂ ಅದೂ ಮೂರನೇ ದಿನ ಮಲಗುತ್ತೆ. ಇದು ವೈರಿಂಗ್ ಕಥೆ.

ಸ್ಟೀರಿಯೋ ಹಿಂದೆ ಒಂದು ಹಳದಿ ವೈರ್, ಒಂದು ಕೆಂಪು ವೈರ್ ಇರುತ್ತೆ. ಹಳದಿಗೆ ಬ್ಯಾಟರಿಯಿಂದ ಯಾವಾಗಲೂ 12 ವೋಲ್ಟ್ ಬರಬೇಕು. ಗಡಿಯಾರ, ರೇಡಿಯೋ ಸ್ಟೇಷನ್, ನಿಮ್ಮ ಸೆಟ್ಟಿಂಗ್ ಎಲ್ಲ ನೆನಪಿಟ್ಟುಕೊಳ್ಳೋಕೆ ಅದು. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರಬೇಕು. ಕೀ ತೆಗೆದಾಗ ಕೆಂಪು ಸತ್ತರೆ, 'ಇನ್ನು ಮಲಗು' ಅಂತ ಸೆಟ್ಟಿಗೆ ಗೊತ್ತಾಗುತ್ತೆ. ಎಷ್ಟೋ ಕಡೆ ಅವಸರದಲ್ಲಿ ಎರಡನ್ನೂ ಒಟ್ಟಿಗೆ ಹೊಸೆದು ಟೇಪ್ ಸುತ್ತಿಬಿಡುತ್ತಾರೆ. ಕೀ ಇಲ್ಲದೆ ಹಾಡು ಬರಲಿ ಅಂತ ಗ್ರಾಹಕರೇ ಕೇಳುವುದೂ ಉಂಟು, ಸುಳ್ಳು ಯಾಕೆ ಹೇಳಲಿ. ಆಮೇಲೆ ಸ್ಕ್ರೀನ್ ಆಫ್ ಮಾಡಿದರೂ ಒಳಗೆ ಸೆಟ್ಟು ಎಚ್ಚರವಾಗಿಯೇ ಇರುತ್ತೆ. ಆಂಪ್ಲಿಫೈಯರನ್ನು (ಆಂಪ್) ಎಬ್ಬಿಸುವ ನೀಲಿ-ಬಿಳಿ ರಿಮೋಟ್ ವೈರಿಗೂ ಕರೆಂಟ್ ಹೋಗುತ್ತಲೇ ಇದ್ದರೆ ಆಂಪೂ ಮಲಗಲ್ಲ. ಕೀ ತೆಗೆದು ಅರ್ಧ ಗಂಟೆ ಬಿಟ್ಟು ಆಂಪ್ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ, ಲೈಟ್ ಉರಿಯುತ್ತಿದ್ದರೆ ಕಳ್ಳ ಸಿಕ್ಕ ಹಾಗೆ.

ಅನುಮಾನ ಬೇಡ ಅಂದರೆ ಮೀಟರ್ ಹಿಡಿಯಿರಿ. ಸಾಧಾರಣ ಮಲ್ಟಿಮೀಟರ್ ಸಾಕು, 10 ಆಂಪಿಯರ್ ತೂತಿಗೆ ಕೆಂಪು ಪ್ರೋಬ್ ಹಾಕಿ. ಬಾಗಿಲು ಎಲ್ಲ ಮುಚ್ಚಿ, ಕೀ ಹೊರಗೆ ಇಟ್ಟುಕೊಂಡು, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ. ಬಿಚ್ಚಿದ ಕೇಬಲ್ಲಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಮೀಟರ್ ಬರಲಿ. ಮೊದಲು ಸ್ವಲ್ಪ ಜಾಸ್ತಿ ತೋರಿಸುತ್ತೆ, ಗಾಬರಿ ಬೇಡ. ಇಪ್ಪತ್ತು ನಿಮಿಷ ಕಾಯಿರಿ, ಟೀ ಕುಡಿದು ಬನ್ನಿ. ಆಮೇಲೆ 0.05 ಆಂಪಿಯರಿಗಿಂತ ಕಡಿಮೆ ಇದ್ದರೆ ಸರಿ. ಜಾಸ್ತಿ ಇದ್ದರೆ ಸ್ಟೀರಿಯೋದ ಫ್ಯೂಸ್ ಕಿತ್ತು ನೋಡಿ, ಆಮೇಲೆ ಆಂಪಿನದು. ಯಾವುದು ಕಿತ್ತಾಗ ಅಂಕಿ ಇಳಿಯುತ್ತೋ ಅಲ್ಲಿದೆ ಸೋರಿಕೆ. ಮೀಟರ್ ಹೀಗೆ ಇರುವಾಗ ಮರೆತೂ ಸೆಲ್ಫ್ ಹೊಡೆಯಬೇಡಿ, ಮೀಟರಿನ ಫ್ಯೂಸ್ ಹೋಗುತ್ತೆ.

ಕುಂಯ್ ಸದ್ದು ಆಲ್ಟರ್ನೇಟರಿನದು. ಇಂಜಿನ್ ಜೊತೆ ಏರಿಳಿಯುತ್ತೆ ಅಂದಾಗಲೇ ಗೊತ್ತಾಯಿತು. ಅದು ಸ್ಪೀಕರಿಗೆ ನುಗ್ಗುವುದು ಹೆಚ್ಚಾಗಿ ಕೆಟ್ಟ ಅರ್ಥಿಂಗ್‌ನಿಂದ. ಆಂಪಿನ ಕಪ್ಪು ವೈರ್ ಎಲ್ಲಿ ಕಟ್ಟಿದ್ದಾರೆ ಅಂತ ಸೀಟ್ ಸರಿಸಿ ನೋಡಿ, ಒಂದು ಫೋಟೋ ಹಾಕಿ. ಹಾಗೇ ದಪ್ಪ ಪವರ್ ಕೇಬಲ್ ಮತ್ತು ಸ್ಟೀರಿಯೋದಿಂದ ಆಂಪಿಗೆ ಹಾಡಿನ ಸಿಗ್ನಲ್ ತರುವ ಆರ್‌ಸಿಎ ವೈರ್ ಎರಡೂ ಒಂದೇ ಬದಿಯಲ್ಲಿ ಬಂದಿವೆಯಾ ನೋಡಿ, ಅಕ್ಕಪಕ್ಕ ಇದ್ದರೂ ಸದ್ದು ನುಗ್ಗುತ್ತೆ. ಮೊಬೈಲ್ ಚಾರ್ಜರ್ ಕಿತ್ತು ಒಮ್ಮೆ ಕೇಳಿ. ಕೆಲವು ಸಲ ಆ ಅಗ್ಗದ ಚಾರ್ಜರೇ ಕುಂಯ್‌ಗುಟ್ಟಿಸುತ್ತೆ.

ಪ್ರಶ್ನೆ (ತೀರ್ಥಹಳ್ಳಿಯ ಒಬ್ಬ ಮೇಡಂ):

ಅಣ್ಣಾ, ಇದೇ ಜಾಗದಲ್ಲಿ ನನ್ನದೂ ಕೇಳುತ್ತೇನೆ. ಹೊಸ ಕಾರು, ಬೇಸ್ ಮಾಡೆಲ್, ಸ್ಟೀರಿಯೋ ಇಲ್ಲ. 30,000 ರೂಪಾಯಿ ಇಟ್ಟುಕೊಂಡಿದ್ದೇನೆ. ಸ್ಟೀರಿಯೋ, ನಾಲ್ಕು ಸ್ಪೀಕರ್, ಬಾಸ್ ಟ್ಯೂಬ್ ಎಲ್ಲ ಸೇರಿಸಿ ಪ್ಯಾಕೇಜ್ ಹೇಳುತ್ತಿದ್ದಾರೆ. ತಗೊಳ್ಳಲಾ? ವಾರಂಟಿ ಹೋಗುತ್ತೆ ಅಂತ ನಮ್ಮ ಯಜಮಾನರ ಭಯ.

ಉತ್ತರ:

ಅಕ್ಕಾ, ಯಜಮಾನರ ಭಯ ಸರಿಯಾಗಿಯೇ ಇದೆ. ಕಂಪನಿಯ ವೈರ್ ಕತ್ತರಿಸಿದರೆ ನಾಳೆ ಎಲೆಕ್ಟ್ರಿಕಲ್ ತೊಂದರೆ ಬಂದಾಗ ಸರ್ವಿಸ್ ಸೆಂಟರಿನವರು ಅದನ್ನೇ ತೋರಿಸುತ್ತಾರೆ. ಹಾಗಾಗಿ ಒಂದೇ ಮಾತು ಹೇಳಿ: "ಕಟ್ ಮಾಡಬೇಡಿ, ಕಪ್ಲರ್ ಹಾಕಿ." ನಿಮ್ಮ ಮಾಡೆಲ್ಲಿಗೆ ಹೊಂದುವ ಕಪ್ಲರ್ ಕೆಲವೇ ನೂರು ರೂಪಾಯಿಗೆ ಸಿಗುತ್ತೆ. ಒಂದು ಬದಿ ಕಾರಿನ ಸಾಕೆಟ್ಟಿಗೆ, ಇನ್ನೊಂದು ಬದಿ ಸ್ಟೀರಿಯೋಗೆ. ನಾಳೆ ಕಾರು ಮಾರುವಾಗ ಎಳೆದು ತೆಗೆದರೆ ಕಾರು ಮೊದಲಿನ ಹಾಗೇ. ಡ್ಯಾಶ್ ಒಳಗೆ, ಗಾಜಿನ ಪಕ್ಕದ ಕಂಬದ ಒಳಗೆ ಹಳದಿ ಕವಚದ ವೈರ್ ಕಂಡರೆ ಅದು ಏರ್‌ಬ್ಯಾಗಿನದು, ಅದಕ್ಕೆ ಟೆಸ್ಟರ್ ಚುಚ್ಚಲು ಬಿಡಬೇಡಿ.

ಪ್ಯಾಕೇಜ್ ಬಗ್ಗೆ ನನ್ನ ಅಭಿಪ್ರಾಯ: ಬಾಸ್ ಟ್ಯೂಬ್ ಬಿಡಿ, ಹಿಂದಿನ ಸ್ಪೀಕರ್ ಕೂಡ ಆಮೇಲೆ ನೋಡೋಣ. ನೀವು ಕೂರುವುದು ಮುಂದೆ ಅಲ್ವಾ? ಮುಂದಿನ ಬಾಗಿಲಿಗೆ ಒಂದು ಜೊತೆ ಒಳ್ಳೆ ಆರೂವರೆ ಇಂಚಿನ ಕಾಂಪೊನೆಂಟ್ ಸ್ಪೀಕರ್ (ಸಣ್ಣ ಟ್ವೀಟರ್ ಬೇರೆಯಾಗಿ ಬರುವಂಥದ್ದು) ಹಾಕಿಸಿ. ಉಳಿದ ದುಡ್ಡಲ್ಲಿ ಬಾಗಿಲಿಗೆ ಡ್ಯಾಂಪಿಂಗ್ ಮಾಡಿಸಿ. ಈಗ ನಿಮ್ಮ ಬಾಗಿಲ ತಗಡನ್ನು ಬೆರಳಿಂದ ಬಡಿದು ನೋಡಿ, ಖಾಲಿ ಡಬ್ಬದ ಹಾಗೆ ಟಣ್ ಅನ್ನುತ್ತೆ. ಸ್ಪೀಕರಿನ ಬಾಸೆಲ್ಲ ಆ ತಗಡು ಅದುರಿಸುವುದಕ್ಕೇ ಖರ್ಚಾಗುತ್ತೆ. ಬ್ಯುಟೈಲ್ ಅನ್ನುವ ರಬ್ಬರಿನ ಶೀಟ್ ಅಂಟಿಸಿ ರೋಲರಿನಿಂದ ಒತ್ತಿದ ಮೇಲೆ ಬಡಿಯಿರಿ, ಮರದ ಹಾಗೆ ದಪ್ ಅನ್ನುತ್ತೆ. ಅದೇ ಸ್ಪೀಕರ್, ಅದೇ ಸ್ಟೀರಿಯೋ, ಬಾಸ್ ಬೇರೆಯೇ.

ನಿಮ್ಮ ಕಡೆ ಮಳೆ ಜೋರು, ಅದಕ್ಕೆ ಇದನ್ನು ಒತ್ತಿ ಹೇಳುತ್ತೇನೆ. ಬಾಗಿಲ ಪ್ಯಾನೆಲ್ ಬಿಚ್ಚಿದಾಗ ಒಳಗೆ ಕಪ್ಪು ಗೋಂದಿನಿಂದ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಕಾಣುತ್ತೆ. ಗ್ಲಾಸಿನ ಸಂದಿಯಿಂದ ಒಳಗೆ ಇಳಿದ ಮಳೆನೀರು ಬಾಗಿಲ ತಳದ ತೂತಿನಿಂದ ಹೊರಗೆ ಹೋಗಬೇಕು, ಕಾರಿನ ಒಳಗೆ ಬರಬಾರದು ಅಂತ ಅದನ್ನು ಹಾಕಿರುತ್ತಾರೆ. ಹುಡುಗರು ಅದನ್ನು ಹರಿದು ಮೂಲೆಗೆ ಎಸೆಯುತ್ತಾರೆ. ಜುಲೈ ಬಂದಾಗ ಮ್ಯಾಟ್ ಒದ್ದೆ, ಕಾರಿನ ತುಂಬ ಮುಗ್ಗಲು ವಾಸನೆ. ಹಾಳೆ ವಾಪಸ್ ಅಂಟಿಸುವ ತನಕ ಪಕ್ಕದಲ್ಲೇ ನಿಂತಿರಿ. ಅಂಗಡಿಯವರಿಗೆ ಸಿಟ್ಟು ಬಂದರೆ ಬರಲಿ.

ಬಿಲ್ ತಗೊಳ್ಳಿ. ಹೊರಗಿನಿಂದ ಹಾಕಿಸಿದ ಸೆಟ್ಟನ್ನು ಇನ್ಶೂರೆನ್ಸ್ ಪಾಲಿಸಿಯಲ್ಲಿ ಬೇರೆಯಾಗಿ ಬರೆಸಬೇಕು. ಸ್ವಲ್ಪ ಪ್ರೀಮಿಯಂ ಜಾಸ್ತಿ ಆಗುತ್ತೆ. ಬರೆಸದಿದ್ದರೆ ಕಳುವಾದಾಗ ಅದರ ದುಡ್ಡು ಸಿಗಲ್ಲ.

ಪ್ರಶ್ನೆ (ಕಾಲೇಜು ಹುಡುಗ):

ಬ್ರೋ, 1000 ವಾಟ್ ಆಂಪ್ 4,000ಕ್ಕೆ ಸಿಕ್ಕಿದೆ. ಬಾಸ್ ಹೊಡೆದಾಗ ಹೆಡ್‌ಲೈಟ್ ಮಿಣುಕುತ್ತೆ. ಕೆಪಾಸಿಟರ್ ಹಾಕಿದರೆ ನಿಲ್ಲುತ್ತಾ?

ಉತ್ತರ:

ಮೊದಲು ಆಂಪಿನ ಮೇಲಿರುವ ಫ್ಯೂಸ್ ಎಷ್ಟು ಅಂತ ಓದಿ. 30 ಆಂಪಿಯರ್ ಅಂದುಕೊಳ್ಳೋಣ. ಇಂಜಿನ್ ಓಡುವಾಗ 13.8 ವೋಲ್ಟ್ ಇರುತ್ತೆ. ಗುಣಿಸಿದರೆ ಒಳಗೆ ಹೋಗುವುದೇ 414 ವಾಟ್. ಅದರಲ್ಲಿ ಒಂದು ಪಾಲು ಬಿಸಿಯಾಗಿ ಹೋಗುತ್ತೆ. 1000 ಎಲ್ಲಿಂದ ಬರಬೇಕು? ಡಬ್ಬದ ಮೇಲೆ ಬರೆದಿದ್ದು ಡಬ್ಬಕ್ಕೆ. 'ಆರ್‌ಎಂಎಸ್' ಅಂತ ಬರೆದ ಅಂಕಿ ಮಾತ್ರ ನೋಡು, ಬಿಡದೆ ಕೊಡುವ ನಿಜವಾದ ಪವರ್ ಅದು. ಸ್ಟೀರಿಯೋ ಮೇಲಿನ 4×50 ಕೂಡ ಹಾಗೇ, ನಿಜಕ್ಕೂ ಬರುವುದು ಚಾನೆಲ್ಲಿಗೆ 20 ವಾಟ್ ಆಸುಪಾಸು.

ಕರೆಂಟ್ ಕೂಡಿಟ್ಟು ಬೇಕಾದಾಗ ಕೊಡುವ ಡಬ್ಬಿ ಕೆಪಾಸಿಟರ್, ಅದು ಬೇಡ. 1 ಫ್ಯಾರಡ್ ಕೆಪಾಸಿಟರಿನಲ್ಲಿ 13.8 ವೋಲ್ಟಿಗೆ ತುಂಬುವುದು 95 ಜೂಲ್. 400 ವಾಟ್ ಎಳೆಯುವ ಆಂಪಿಗೆ ಅದು ಕಾಲು ಸೆಕೆಂಡೂ ಬರಲ್ಲ. ಮಿಣುಕುವುದು ನಿಲ್ಲಬೇಕಾದರೆ ಬ್ಯಾಟರಿಯಿಂದ ಆಂಪಿಗೆ ಬರುವ ವೈರ್ ನೋಡು. ಕೇಬಲ್ಲಿನ ತುದಿಯ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡು. ಒಳಗೆ ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ ಅಷ್ಟೇ. ಶುದ್ಧ ತಾಮ್ರದ 8 ಗೇಜ್ ಹಾಕಿಸು. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ 40 ಆಂಪಿಯರ್ ಫ್ಯೂಸ್ ಇರಲೇಬೇಕು. ಅದು ಆಂಪ್ ಕಾಯೋಕಲ್ಲ, ವೈರ್ ಕಾಯೋಕೆ. ಇಂಜಿನ್ ಕಡೆಯಿಂದ ಒಳಗೆ ಬರುವ ತೂತಿನಲ್ಲಿ ರಬ್ಬರ್ ಇಲ್ಲದೆ ವೈರ್ ತಗಡಿಗೆ ಉಜ್ಜಿದರೆ ಬೆಂಕಿಯೇ. ಕರಗಿ ಅಂಟಿಕೊಂಡ ಕಾರ್ಪೆಟ್ ನಾನೇ ಕಿತ್ತಿದ್ದೇನೆ, ಆ ವಾಸನೆ ಇನ್ನೂ ಮೂಗಲ್ಲಿದೆ.

ದಾವಣಗೆರೆಯವರು ಮತ್ತೆ:

ಸರ್, ಇವತ್ತು ಮೀಟರ್ ಹಿಡಿದೆ. 0.42 ತೋರಿಸಿತು. ಸ್ಟೀರಿಯೋ ಫ್ಯೂಸ್ ಕಿತ್ತ ಕೂಡಲೇ 0.03. ಫ್ರೇಮ್ ಬಿಚ್ಚಿ ನೋಡಿದರೆ ನೀವು ಹೇಳಿದ ಹಾಗೇ, ಹಳದಿ ಕೆಂಪು ಎರಡೂ ಒಂದೇ ಗಂಟು. ಟೇಪ್ ಬಿಸಿಲಿಗೆ ಅಂಟಂಟಾಗಿ ಕೈಗೆಲ್ಲ ಮೆತ್ತಿಕೊಂಡಿತು. ಆಂಪಿನ ಕಪ್ಪು ವೈರನ್ನು ಸೀಟ್ ಹಳಿಯ ಬೋಲ್ಟಿಗೆ ಕಟ್ಟಿದ್ದಾರೆ. ಫೋಟೋ ಹಾಕಿದ್ದೇನೆ. ಪವರ್ ಕೇಬಲ್, ಆರ್‌ಸಿಎ ಎರಡೂ ಡ್ರೈವರ್ ಬದಿಯಲ್ಲೇ ಇವೆ.

ಉತ್ತರ:

0.42 ಅಂದರೆ ದಿನಕ್ಕೆ ಸುಮಾರು 10 ಆಂಪಿಯರ್ ಅವರ್. ನಿಮ್ಮದು 35 ಆಂಪಿಯರ್ ಅವರ್ ಬ್ಯಾಟರಿ. ಎರಡು ದಿನಕ್ಕೆ ಅರ್ಧಕ್ಕಿಂತ ಜಾಸ್ತಿ ಖಾಲಿ, ಸೆಲ್ಫ್ ಎಲ್ಲಿಂದ ಹೊಡೆಯಬೇಕು ಪಾಪ.

ಗಂಟು ಬಿಚ್ಚಿಸಿ, ಕೆಂಪನ್ನು ಕೀ ಲೈನಿಗೆ ಕೊಡಿಸಿ. ಟೇಪ್ ಬೇಡ, ಬೆಸುಗೆ ಹಾಕಿ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದರೆ ಬಿಗಿಯಾಗುವ ಕವಚ) ಏರಿಸಲಿ.

ಫೋಟೋ ನೋಡಿದೆ. ಬೋಲ್ಟಿನ ಕೆಳಗೆ ಬಣ್ಣ ಹಾಗೇ ಇದೆ, ಬಣ್ಣದ ಮೇಲೆ ಅರ್ಥ್ ಹಿಡಿಯಲ್ಲ. ಪಕ್ಕದಲ್ಲಿ ಬಾಡಿಯ ತಗಡು ಹುಡುಕಿ, ಒಂದು ರೂಪಾಯಿ ನಾಣ್ಯದಷ್ಟು ಜಾಗ ಉಜ್ಜಿ ಬೆಳ್ಳಗೆ ಮಾಡಿಸಿ. ರಿಂಗ್ ಟರ್ಮಿನಲ್ ಇಟ್ಟು ಬಿಗಿದ ಮೇಲೆ ತುಕ್ಕು ಹಿಡಿಯದಂತೆ ಸ್ವಲ್ಪ ಗ್ರೀಸ್. ತೂತು ಕೊರೆಯುವ ಮುಂಚೆ ಕಾರಿನ ಕೆಳಗೆ ಬಗ್ಗಿ ನೋಡಲು ಹೇಳಿ, ಪೆಟ್ರೋಲ್ ಪೈಪ್ ಅಲ್ಲೇ ಹೋಗಿರುತ್ತೆ. ಆರ್‌ಸಿಎಯನ್ನು ಎಡಬದಿಗೆ ಹಾಕಿಸಿ. ಇಷ್ಟು ಮಾಡಿಸಿದ ಮೇಲೂ ಕುಂಯ್ ಅಂದರೆ ಆಂಪಿನಿಂದ ಆರ್‌ಸಿಎ ಕಿತ್ತು ಕೇಳಿ. ನಿಂತರೆ ತೊಂದರೆ ಸ್ಟೀರಿಯೋ ಕಡೆ, ನಿಲ್ಲದಿದ್ದರೆ ಆಂಪ್ ಕಡೆ.

ದಾವಣಗೆರೆಯವರು:

ಪಕ್ಕದಲ್ಲೇ ಸೀಟ್ ಬೆಲ್ಟಿನ ದಪ್ಪ ಬೋಲ್ಟ್ ಇದೆ ಸರ್, ಗಟ್ಟಿಯಾಗಿದೆ. ಅದಕ್ಕೇ ಕಟ್ಟಿಸಲಾ?

ಉತ್ತರ:

ಬೇಡ ಮಾರಾಯ್ರೇ. ಅದು ನಿಮ್ಮ ಜೀವ ಹಿಡಿಯುವ ಬೋಲ್ಟ್, ಅದನ್ನು ಮುಟ್ಟಬೇಡಿ. ಬೇರೆ ಜಾಗ ಸಿಗದಿದ್ದರೆ ಆಂಪಿನ ಸುತ್ತಲಿನ ಫೋಟೋ ಇನ್ನೊಂದು ಹಾಕಿ, ಗುರುತು ಮಾಡಿ ಕೊಡುತ್ತೇನೆ.