ಅಪ್‌ಡೇಟ್: ಅಂಗಳದ ಜಿಯೋಕ್ಯಾಶ್ ಮಳೆಗೆ ಒದ್ದೆಯಾಗಲಿಲ್ಲ

ಕಾಸರಗೋಡಿನ ನಮ್ಮ ಮನೆಯಂಗಳದಲ್ಲಿ ಜಿಯೋಕ್ಯಾಶ್ (ಜಿಪಿಎಸ್ ಹಿಡಿದು ಬೇರೆಯವರು ಹುಡುಕುವ ಆಟದ ಡಬ್ಬಿ) ಅಡಗಿಸಬೇಕು, ಅದರೊಳಗಿನ ಲಾಗ್‌ಬುಕ್ (ಹುಡುಕಿದವರು ಹೆಸರು ಬರೆಯುವ ಪುಸ್ತಕ) ಮಳೆಗೆ ನೆನೆಯದ ಹಾಗೆ ಏನು ಮಾಡಲಿ ಅಂತ ಕೇಳಿದ್ದೆ.

ಸ್ಟೀಲ್ ಡಬ್ಬಿ ಆಗಲಿಲ್ಲ. ಎರಡೇ ದಿನಕ್ಕೆ ಒಳಗೆಲ್ಲ ಬೆವರಿ ಕಾಗದ ಮುದ್ದೆಯಾಯಿತು. ಗೆದ್ದದ್ದು ತಿರುಪು ಮುಚ್ಚಳದ ದಪ್ಪ ಪ್ಲಾಸ್ಟಿಕ್ ನಳಿಕೆ. ಕೆಂಪುಕಲ್ಲಿನ ಗೋಡೆಯ ಸಂದಿಯಲ್ಲಿ ಬಾಯಿ ಕೆಳಗಾಗಿ ತೂಗುಹಾಕಿದೆ. ವಾರವಿಡೀ ಜಡಿಮಳೆ, ಆದರೂ ಹಾಳೆ ಗರಿಗರಿ! ಸಲಹೆ ಕೊಟ್ಟವರಿಗೆ ತುಂಬಾ ಥ್ಯಾಂಕ್ಸ್.

ಜೊತೆಗೆ ಪೆನ್ಸಿಲ್ ಇಡಿ, ತೇವದಲ್ಲೂ ಬರೆಯುತ್ತದೆ. ಇನ್ನೊಂದು ಕ್ಯಾಶ್‌ನಿಂದ 161 ಮೀಟರ್ ದೂರ ಇರಬೇಕು ಅನ್ನುವುದು ನನಗೆ ಹೊಸತು. ಅಡಿಕೆ ಮರಗಳಡಿ ಜಿಪಿಎಸ್ ತೋರಿಸುವ ಜಾಗ ಜಾಸ್ತಿ ಅಲೆಯುತ್ತದೆ, ಬೇರೆ ಬೇರೆ ಹೊತ್ತಿಗೆ ಅಳೆದು ಸರಾಸರಿ ಹಾಕಿ.

ಪಕ್ಕದ ಮನೆಯವರಿಗೂ ಮೊದಲೇ ಹೇಳಿಡಿ. ಮೊನ್ನೆ ಹುಡುಕಿ ಬಂದವರಿಗೆ ಅಮ್ಮ ಬೆಲ್ಲ, ನೀರು ಕೊಟ್ಟೇ ಕಳಿಸಿದರು.