ಪದಚರ್ಚೆ: ‘ಪಿಕಪ್‌ಗೆ ಪಿಕಪ್ ಇಲ್ಲ’ ಅನ್ನುವುದನ್ನು ಬಿಡಿಸಿ ಹೇಳುವುದು ಹೇಗೆ?

ಬಳಗದವರಿಗೆ ನಮಸ್ಕಾರ.

ಗ್ಯಾರೇಜಿನ ಎರಡು ಮಾತುಗಳಿಗೆ ಕನ್ನಡ ಹುಡುಕುತ್ತಿದ್ದೇನೆ. ‘ಥ್ರಾಟಲ್ ಹೆಸಿಟೇಶನ್’ ಒಂದು, ‘ರಫ್ ಐಡಲ್’ ಇನ್ನೊಂದು. ಆಕ್ಸಿಲರೇಟರ್ ತುಳಿದಾಗ ಇಂಜಿನ್ ತಕ್ಷಣ ಓಗೊಡದೆ ಅನುಮಾನಿಸುವುದು ಮೊದಲನೆಯದು. ಗಾಡಿ ನಿಂತು ಇಂಜಿನ್ ಮಾತ್ರ ಓಡುತ್ತಿರುವಾಗ ಒಂದೇ ಸಮ ಓಡದೆ ನಡುಗುವುದು ಎರಡನೆಯದು. ದಯವಿಟ್ಟು ‘ಹಿಂಜರಿಕೆ’, ‘ಒರಟು ನಿಷ್ಕ್ರಿಯತೆ’ ಎಂದು ಬರೆದು ಕಳಿಸಬೇಡಿ. ಅನುವಾದದ ಯಂತ್ರಗಳು ಆ ಉಪಕಾರವನ್ನು ಆಗಲೇ ಮಾಡಿವೆ. ‘ಒರಟು ನಿಷ್ಕ್ರಿಯತೆ’ ಅಂದರೆ ನನಗೆ ಊಟದ ನಂತರದ ಕಚೇರಿ ಕೌಂಟರ್ ನೆನಪಾಗುತ್ತದೆ, ಇಂಜಿನ್ ಅಲ್ಲ.

ಇದು ತಲೆಗೆ ಹತ್ತಿದ್ದು ನಮ್ಮ ಭಾವನ ಗಾಡಿಯಿಂದ. ಅವರದು ಚಿಕ್ಕ ಪೆಟ್ರೋಲ್ ಪಿಕಪ್. ಕನಕಪುರದ ಸುತ್ತಲಿನ ಹಳ್ಳಿಗಳಿಂದ ರೇಷ್ಮೆಗೂಡು ತುಂಬಿಕೊಂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತಾರೆ. ಗೂಡಿಗೆ ಗಾತ್ರ ಜಾಸ್ತಿ, ತೂಕ ಕಡಿಮೆ. ಇಂಜಿನ್ನಿಗೆ ಅದೊಂದು ಹೊರೆಯೇ ಅಲ್ಲ. ಆದರೂ ಹೋದ ತಿಂಗಳು ಹಂಪ್ ದಾಟಿ ಆಕ್ಸಿಲರೇಟರ್ ಒತ್ತಿದರೆ ಗಾಡಿ ಒಂದು ಕ್ಷಣ ಏನೂ ಕೇಳಿಸಲೇ ಇಲ್ಲವೆಂಬಂತೆ ಇರುತ್ತಿತ್ತು. ಆಮೇಲೆ ದಡಕ್ಕನೆ ಮುನ್ನುಗ್ಗುತ್ತಿತ್ತು. ಮಾರುಕಟ್ಟೆಯ ಗೇಟಿನ ಮುಂದೆ ಸಾಲಿನಲ್ಲಿ ನಿಂತಾಗ ಡ್ಯಾಶ್‌ಬೋರ್ಡಿನ ಮೇಲಿಟ್ಟ ಬಿಲ್ ಪುಸ್ತಕ ನಡುಗುತ್ತಾ ನಡುಗುತ್ತಾ ಅಂಚಿಗೆ ಬಂದು ಕೆಳಗೆ ಬೀಳುತ್ತಿತ್ತು.

ಭಾವ ಗ್ಯಾರೇಜಿಗೆ ಹೋಗಿ ಹೇಳಿದ್ದು ಇಷ್ಟೇ: “ಪಿಕಪ್ಪೇ ಇಲ್ಲ ಕಣಪ್ಪ, ಎಳೆಯೋದೇ ಇಲ್ಲ.” ಮೆಕ್ಯಾನಿಕ್ ಕ್ಲಚ್ ಪ್ಲೇಟ್ ಬದಲಾಯಿಸಿದ. ಒಂದು ದಿನದ ಬಾಡಿಗೆ ಹೋಯಿತು, ಜೇಬೂ ಹಗುರಾಯಿತು. ಮಾರನೆಯ ಬೆಳಿಗ್ಗೆ ಅದೇ ಹಂಪ್, ಅದೇ ಮೌನ.

ಆ ಹುಡುಗನನ್ನು ಬಯ್ಯುವ ಮನಸ್ಸು ನನಗಿಲ್ಲ. ತಪ್ಪು ಪದದ್ದು. ನಮ್ಮ ಕಡೆ ‘ಪಿಕಪ್’ ಅಂದರೆ ಗಾಡಿಯ ಹೆಸರೂ ಹೌದು, ಗಾಡಿ ವೇಗ ಹಿಡಿಯುವ ಗುಣವೂ ಹೌದು. ಹಾಗಾಗಿ ‘ಪಿಕಪ್‌ಗೆ ಪಿಕಪ್ ಇಲ್ಲ’ ಅಂದಾಗ ನಗು ಬರುತ್ತದೆ, ಅಷ್ಟು ಗೊಂದಲ ಪರವಾಗಿಲ್ಲ. ಆದರೆ ಆ ಎರಡನೆಯ ಅರ್ಥದ ಹೊಟ್ಟೆಯೊಳಗೇ ಒಂದಕ್ಕೊಂದು ತದ್ವಿರುದ್ಧವಾದ ಕಾಯಿಲೆಗಳು ಕೂತಿವೆ. ಇಂಜಿನ್ನಿನ ಬಲವನ್ನು ಚಕ್ರದ ಕಡೆಗೆ ಮುಟ್ಟಿಸುವ ಕ್ಲಚ್ ಜಾರುತ್ತಿದ್ದರೆ ಇಂಜಿನ್ನಿನ ಸದ್ದು ಏರುತ್ತದೆ, ಗಾಡಿಯ ವೇಗ ಏರುವುದಿಲ್ಲ. ನಮ್ಮ ಭಾವನ ಗಾಡಿಯಲ್ಲಿ ಇಂಜಿನ್ನಿನ ಸದ್ದೇ ಏರುತ್ತಿರಲಿಲ್ಲ. ಎರಡಕ್ಕೂ ನಾವು ಹೇಳುವುದು ಒಂದೇ: ಪಿಕಪ್ ಇಲ್ಲ.

ಇನ್ನೊಂದು ಗ್ಯಾರೇಜಿನ ವಯಸ್ಸಾದ ಮೇಸ್ತ್ರಿ ಮಾಡಿದ ಮೊದಲ ಕೆಲಸ ಈ ಪದವನ್ನು ಒಡೆದಿದ್ದು. ಸ್ಪ್ಯಾನರ್ ಇನ್ನೂ ಕೈಗೆ ತಗೊಂಡಿರಲಿಲ್ಲ. “ಪಿಕಪ್ ಇಲ್ಲ ಅಂದ್ರೆ ಏನ್ ಸ್ವಾಮಿ? ಇಂಜಿನ್ ಏಳ್ತೈತೆ, ಗಾಡಿ ಏಳಕಿಲ್ವೋ? ಇಲ್ಲಾ ಇಂಜಿನ್ನೇ ಏಳಕಿಲ್ವೋ? ತಡವಾಗಿ ಏಳ್ತೈತೋ, ಎದ್ದು ಬೀಳ್ತೈತೋ?”

ನಾನು ಕನ್ನಡ ಮೇಷ್ಟ್ರು. ಒಂದು ‘ಏಳು’ ಧಾತುವಿನಲ್ಲಿ ಇಷ್ಟು ಚೊಕ್ಕವಾಗಿ ರೋಗ ವಿಂಗಡಿಸಿದ್ದನ್ನು ನಾನು ನೋಡಿರಲಿಲ್ಲ.

ಭಾವ ಯೋಚಿಸಿ, “ತಡವಾಗಿ ಏಳ್ತದೆ. ನಿಂತಾಗ ನಡುಗ್ತದೆ” ಅಂದರು. ಮೇಸ್ತ್ರಿ ಇಗ್ನಿಷನ್ ಆಫ್ ಮಾಡಿಸಿ, ಏರ್ ಫಿಲ್ಟರಿನಿಂದ ಬರುವ ದಪ್ಪ ರಬ್ಬರ್ ಪೈಪ್ ಕಳಚಿ, ನನ್ನನ್ನು ಕರೆದು ಟಾರ್ಚ್ ಬಿಟ್ಟು ತೋರಿಸಿದರು. ಇಂಜಿನ್ನಿಗೆ ಹೋಗುವ ಗಾಳಿಯನ್ನು ಹಿಡಿದು ಬಿಡುವ ಥ್ರಾಟಲ್ ಬಾಡಿಯೊಳಗಿನ ದುಂಡನೆಯ ತಟ್ಟೆಯ ಅಂಚಿಗೆ ಸುತ್ತಲೂ ಕಾಡಿಗೆಯಂಥ ಜಿಡ್ಡು ಕಟ್ಟಿತ್ತು. ಬೆರಳಿನಿಂದ ಮೆಲ್ಲಗೆ ತಳ್ಳಿದರೆ ಮೊದಲು ಅಲುಗಲಿಲ್ಲ, ಆಮೇಲೆ ‘ಟಿಕ್’ ಎಂದು ಬಿಟ್ಟುಕೊಂಡಿತು. ಆ ಟಿಕ್‌ಗೆ ಮುಂಚಿನ ಅಂಟು ಇದೆಯಲ್ಲ, ಹಂಪ್ ದಾಟಿದ ಮೇಲಿನ ಮೌನ ಅದೇ.

“ಗಂಟ್ಲಲ್ಲಿ ಕಫ ಕಟ್ಕಂಡೈತೆ ಸಾ” ಅಂದರು.

ನನಗೆ ರೋಮಾಂಚನವಾಯಿತು. ಇಂಗ್ಲಿಷಿನಲ್ಲಿ ‘ಥ್ರಾಟಲ್’ ಹುಟ್ಟಿದ್ದೇ ಗಂಟಲು ಎಂಬರ್ಥದ ‘ಥ್ರೋಟ್’ನಿಂದ, ಮೊದಲ ಅರ್ಥ ಕತ್ತು ಹಿಸುಕುವುದು. ಯಂತ್ರಕ್ಕೆ ಹೋಗುವ ಉಗಿಯನ್ನೋ ಗಾಳಿಯನ್ನೋ ಹಿಸುಕಿ ಹಿಡಿಯುವ ಕವಾಟಕ್ಕೆ ಆ ಹೆಸರು ಬಂದದ್ದು ಆಮೇಲೆ. ಆ ವ್ಯುತ್ಪತ್ತಿ ಯಾವುದೂ ಮೇಸ್ತ್ರಿಗೆ ಬೇಕಿಲ್ಲ. ತೂತು ನೋಡಿದರು, ಗಂಟಲು ಅಂದರು.

ಇಂಜಿನ್ ನ್ಯೂಟ್ರಲ್‌ನಲ್ಲಿ ಓಡುವಾಗ ಆ ತಟ್ಟೆ ಹೆಚ್ಚುಕಡಿಮೆ ಮುಚ್ಚಿಯೇ ಇರುತ್ತದೆ. ಅಂಚಿನ ಸಣ್ಣ ಸಂದಿನಿಂದ ನುಸುಳುವ ಗಾಳಿಯಲ್ಲೇ ಉಸಿರಾಟ. ಜಿಡ್ಡು ಕಟ್ಟುವುದು ಸರಿಯಾಗಿ ಆ ಸಂದಿನಲ್ಲೇ. ಹಾಗಾಗಿ ತುಳಿದಾಗಿನ ಅನುಮಾನ, ನಿಂತಾಗಿನ ನಡುಕ ಎರಡೂ ಒಟ್ಟಿಗೆ ಬರುವುದು ಅಪರೂಪವಲ್ಲ. ಆದರೆ ಈ ಗಾಡಿಯಲ್ಲಿ ಕಫ ತೆಗೆದ ಮೇಲೂ ನಡುಕ ಪೂರ್ತಿ ನಿಲ್ಲಲಿಲ್ಲ. ಸ್ಕ್ಯಾನರ್ ಹಾಕಿದರೆ ‘ಪಿ0302’ ಎಂಬ ಕೋಡ್ ಬಂತು: ಎರಡನೇ ಸಿಲಿಂಡರಿನಲ್ಲಿ ಮಿಸ್‌ಫೈರ್, ಅಂದರೆ ಅಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಮೇಸ್ತ್ರಿಗೆ ಯಂತ್ರದ ಮಾತು ಸಾಲದು. ಸಿಲಿಂಡರುಗಳಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳ ಕನೆಕ್ಟರನ್ನು ಒಂದೊಂದಾಗಿ ಬಿಚ್ಚಿ ಹಾಕಿ ಕಿವಿಗೊಟ್ಟರು. ಉಳಿದ ಮೂರರಲ್ಲಿ ಯಾವುದನ್ನು ಬಿಚ್ಚಿದಾಗಲೂ ಸದ್ದು ಕುಸಿಯಿತು, ಎರಡನೆಯದನ್ನು ಬಿಚ್ಚಿದಾಗ ಏನೂ ಆಗಲಿಲ್ಲ. “ಇವನೇ ಸೋಂಬೇರಿ.” ಸ್ಪಾರ್ಕ್ ಪ್ಲಗ್ ಹೊಸದು ಹಾಕಿದ ಮೇಲೆ ಬಿಲ್ ಪುಸ್ತಕ ಇಟ್ಟಲ್ಲೇ ಕೂತಿತು.

ಈಗ ಪದಗಳಿಗೆ ಬರೋಣ. ಮೇಸ್ತ್ರಿ ತಮ್ಮ ಹುಡುಗರಿಗೆಂದು ಗೋಡೆಗೆ ಅಂಟಿಸಲು ಒಂದು ಹಾಳೆ ಬರೆದುಕೊಡಿ ಅಂದಿದ್ದಾರೆ; ಗಿರಾಕಿ ಬಂದು ‘ಪಿಕಪ್ ಇಲ್ಲ’ ಅಂದರೆ ತಿರುಗಿ ಏನೇನು ಕೇಳಬೇಕು ಎಂಬುದು.

ಮೊದಲು ‘ಹೆಸಿಟೇಶನ್’. ‘ಹಿಂಜರಿಕೆ’ಯಲ್ಲಿ ಹಿಂದಕ್ಕೆ ಸರಿಯುವ ಅರ್ಥವಿದೆ, ಸ್ವಲ್ಪ ನಾಚಿಕೆಯೂ ಇದೆ. ಮದುವೆ ಮನೆಯಲ್ಲಿ ಎರಡನೇ ಸಲ ಹೋಳಿಗೆ ಕೇಳುವವರು ಹಿಂಜರಿಯುತ್ತಾರೆ. ಇಂಜಿನ್ ಹಿಂದೆ ಸರಿಯುವುದಿಲ್ಲ, ಏಳುವುದಕ್ಕೆ ತಡ ಮಾಡುತ್ತದೆ. ಹಾಗಾಗಿ ಅದಕ್ಕೆ ಮೇಸ್ತ್ರಿಯ ಮಾತನ್ನೇ ಹಿಡಿದು ‘ತಡವಾಗಿ ಏಳುವುದು’ ಅನ್ನಬಹುದು. ಒತ್ತಿದ ಕೂಡಲೆ ಸದ್ದು ಇನ್ನೂ ಕುಗ್ಗಿ, ಆಫ್ ಆಗುವ ಹಾಗೆ ಮಾಡಿ ಆಮೇಲೆ ಏರಿದರೆ ಅದು ಬೇರೆ. ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಸಾಲದೇ ಹೋದಾಗ ಹೀಗಾಗುತ್ತದೆ: ಎಲ್ಲೋ ಪೈಪ್ ಸೀಳಿ ಗಾಳಿ ಎಳೆಯುತ್ತಿರಬಹುದು, ಟ್ಯಾಂಕಿನಿಂದ ಪೆಟ್ರೋಲ್ ತಳ್ಳುವ ಪಂಪಿನ ಒತ್ತಡ ಬಿದ್ದಿರಬಹುದು. ಇಂಜೆಕ್ಟರಿಗೆ ಮುಂಚಿನ ಕಾರ್ಬುರೇಟರ್ ಕಾಲದಲ್ಲಾದರೆ, ತುಳಿದ ಕೂಡಲೆ ಒಂದಿಷ್ಟು ಹೆಚ್ಚು ಪೆಟ್ರೋಲ್ ಚಿಮ್ಮಿಸುವ ಆಕ್ಸಿಲರೇಟರ್ ಪಂಪಿನ ಡಯಾಫ್ರಮ್ (ತೆಳು ಪೊರೆ) ಹರಿದಿದೆಯೇ ಎಂದು ನೋಡುತ್ತಿದ್ದರು. ಇದಕ್ಕೆ ನಮ್ಮಲ್ಲಿ ‘ದಮ್ ಕಟ್ತದೆ’ ಅನ್ನುವುದುಂಟು. ‘ಉಸಿರು ಕಟ್ಟುವುದು’ ಎಂದು ಬರೆದರೆ ಯಾರಿಗೂ ವಿವರಿಸಬೇಕಿಲ್ಲ. ಮೂರನೆಯದು ಏರುತ್ತಾ ಏರುತ್ತಾ ನಡುನಡುವೆ ಎಡವುವುದು, ಸಾಮಾನ್ಯವಾಗಿ ಕಿಡಿಯ ಕಡೆಯ ದೋಷ. ಕಲ್ಲಿಗೆ ಗೊರಸು ತಾಗಿದ ಎತ್ತು ಮುಗ್ಗರಿಸುತ್ತದಲ್ಲ, ಅದೇ. ‘ಮುಗ್ಗರಿಕೆ’ ಎಂಬ ಅಷ್ಟು ಒಳ್ಳೆಯ ಪದ ಬರೀ ಪದ್ಯದಲ್ಲಿ ಕೊಳೆಯುತ್ತಿದೆ.

ಉತ್ತರ ಕರ್ನಾಟಕದ ಗೆಳೆಯರು ಈ ವಿಷಯದಲ್ಲಿ ನಮಗಿಂತ ಮುಂದಿದ್ದಾರೆ ಅನ್ನುವುದು ನನ್ನ ಅನಿಸಿಕೆ. ನಾವು ‘ಗಾಡಿ ಎಳೀತಿಲ್ಲ’ ಅಂದರೆ ಎಳೆಯುವ ಕೆಲಸ ನಡೆಯುತ್ತಿಲ್ಲ ಅಂತಷ್ಟೆ. ಅವರು ‘ಗಾಡಿ ಜಗ್ಗವಲ್ದು’ ಅಂದಾಗ ಅದರೊಳಗೆ ‘ಒಲ್ಲದು’ ಕೂತಿದೆ. ಜಗ್ಗಲು ಒಲ್ಲದು, ಗಾಡಿಗೇ ಮನಸ್ಸಿಲ್ಲ. ಇಂಗ್ಲಿಷಿನವರು ಒಂದು ನಾಮಪದ ತಂದು ಹೇಳಬೇಕಾದದ್ದನ್ನು ಧಾರವಾಡದ ಡ್ರೈವರ್ ಕ್ರಿಯಾಪದದ ಬಾಲದಲ್ಲೇ ಹೇಳಿ ಮುಗಿಸುತ್ತಾನೆ. ತೊಂದರೆ ಏನೆಂದರೆ ಅದನ್ನು ನಾಮಪದ ಮಾಡಿ ಹಾಳೆಯ ತಲೆಬರಹಕ್ಕೆ ಏರಿಸುವುದು ಕಷ್ಟ. ‘ಒಲ್ಲದಿಕೆ’ ಅಂದರೆ ಮದುವೆ ಸಂಬಂಧ ಮುರಿದ ಹಾಗಿರುತ್ತದೆ.

ಇನ್ನು ‘ಐಡಲ್’. ಇದರ ಹಳೆಯ ಇಂಗ್ಲಿಷ್ ಅರ್ಥ ಸೋಮಾರಿ ಅಲ್ಲ, ಖಾಲಿ. ಜರ್ಮನ್ನರು ಈಗಲೂ ‘ಲೇರ್‌ಲೌಫ್’ ಅನ್ನುತ್ತಾರೆ, ಅಕ್ಷರಶಃ ಖಾಲಿ ಓಟ. ನಮ್ಮ ಹಿಟ್ಟಿನ ಗಿರಣಿಯಲ್ಲಿ ಕಾಳು ಮುಗಿದ ಮೇಲೂ ಕಲ್ಲು ತಿರುಗುತ್ತಿದ್ದರೆ ‘ಖಾಲಿ ತಿರುಗ್ತಾ ಐತೆ’ ಅನ್ನುತ್ತೇವೆ. ಹಾಗಾಗಿ ‘ಖಾಲಿ ಓಟ’ ನನಗೆ ಒಪ್ಪಿಗೆ. ‘ಬರಿದೋಟ’ ಎಂದು ಒಬ್ಬ ಗೆಳೆಯರು ಸೂಚಿಸಿದರು. ಇಂಜಿನ್ನಿಗೆ ‘ಬಿಣಿಗೆ’ ಅನ್ನುವವರು ಅವರು. ಪದ ಚೆನ್ನಾಗಿದೆ, ಆದರೆ ಗ್ಯಾರೇಜಿನ ಹುಡುಗ ‘ಬರೀ ದೋಟಿ’ ಎಂದು ಓದಿಕೊಂಡು ಮಾವಿನ ಮರ ಹುಡುಕಬಹುದು.

‘ರಫ್’ ಅನ್ನುವುದರಲ್ಲೂ ಎರಡು ಇವೆ. ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತಿದೆ ಎಂದು ತೋರಿಸುವ ಆರ್‌ಪಿಎಮ್ ಮುಳ್ಳು ತಾನಾಗಿ ಮೇಲೆ ಕೆಳಗೆ ಆಡುವುದು ಒಂದು. ಗ್ಯಾರೇಜಿನಲ್ಲಿ ಅದಕ್ಕೆ ‘ಹಂಟಿಂಗ್’ ಅನ್ನುತ್ತಾರೆ, ನಾನು ‘ತುಯ್ದಾಟ’ ಎಂದು ಬರೆದಿದ್ದೇನೆ. ಮುಳ್ಳು ಹೆಚ್ಚುಕಡಿಮೆ ನಿಂತಲ್ಲೇ ಇದ್ದು ಗಾಡಿ ಅದುರುವುದು ಇನ್ನೊಂದು. ನಾಲ್ಕು ಸಿಲಿಂಡರಿನ ಇಂಜಿನ್ ನಿಮಿಷಕ್ಕೆ 800 ಸುತ್ತು ಸುತ್ತುತ್ತಿದ್ದರೆ ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ, ಅಂದರೆ ನಿಮಿಷಕ್ಕೆ 400 ಸಲ ಉರಿಯಬೇಕು. ಒಂದು ಸಿಲಿಂಡರ್ ಕೈಕೊಟ್ಟರೆ ಸೆಕೆಂಡಿಗೆ ಆರೇಳು ಖಾಲಿ ಜಾಗ. ಕಿವಿಗೆ ಅದು ಎಣಿಕೆಗೆ ಸಿಗುವುದಿಲ್ಲ, ಸೀಟಿಗೆ ಸಿಗುತ್ತದೆ. ಇದಕ್ಕೆ ಮೆಕ್ಯಾನಿಕ್‌ಗಳ ಮಾತು ‘ಮಿಸ್ಸಿಂಗ್ ಹೊಡೀತೈತೆ’. ಹಾರನ್ ಹೊಡಿ, ಜರ್ಕ್ ಹೊಡಿ ಸಾಲಿನಲ್ಲೇ ಮಿಸ್ಸಿಂಗೂ ಹೊಡೆಯುತ್ತದೆ, ಇಲ್ಲದಿರುವುದೇ ಬಂದು ಹೊಡೆಯುವ ಹಾಗೆ. ಇದನ್ನು ತೆಗೆದು ಹೊಸ ಪದ ಹಾಕುವ ಧೈರ್ಯ ನನಗಿಲ್ಲ. ಹಾಕಬೇಕಾಗಿಯೂ ಇಲ್ಲ ಅನ್ನಿಸುತ್ತದೆ.

ಡೀಸೆಲ್ ಪಿಕಪ್ಪಿನವರು ಈ ಹಾಳೆಯನ್ನು ಹಾಗೇ ಬಳಸುವಂತಿಲ್ಲ. ಹಳೆಯ ಡೀಸೆಲ್ ಇಂಜಿನ್ನಿನಲ್ಲಿ ಸಾಮಾನ್ಯವಾಗಿ ಗಾಳಿ ಹಿಸುಕುವ ತಟ್ಟೆಯೇ ಇರುವುದಿಲ್ಲ. ನಾವು ಪೆಡಲ್ ಒತ್ತಿ ಹೆಚ್ಚಿಸುವುದು ಡೀಸೆಲ್ಲನ್ನು. ಅಲ್ಲಿ ನಡುಕಕ್ಕೆ ಮೊದಲ ಅನುಮಾನ ಡೀಸೆಲ್ ಲೈನಿನಲ್ಲಿ ‘ಏರ್ ಹಿಡಿದಿರುವುದು’, ಫಿಲ್ಟರಿನಲ್ಲಿ ನೀರು ನಿಂತಿರುವುದು. ಗಂಟಲಿನ ರೂಪಕ ಅವರಿಗೆ ಸಲ್ಲದು, ಹಾಗಾಗಿ ‘ಥ್ರಾಟಲ್’ಗೆ ಸಾರಾಸಗಟು ‘ಗಂಟಲು’ ಅನ್ನುವುದನ್ನೂ ತಡೆಹಿಡಿದಿದ್ದೇನೆ.

ನನ್ನ ಪ್ರಶ್ನೆಗಳು ಇವು. ಉತ್ತರದವರು ‘ಜಗ್ಗವಲ್ದು’ ಅನ್ನುವುದು ಇಂಜಿನ್ ಏಳದಿದ್ದಾಗಲೋ, ಕ್ಲಚ್ ಜಾರಿದಾಗಲೂ ಅದೇ ಮಾತೋ? ಕರಾವಳಿಯ ಗ್ಯಾರೇಜುಗಳಲ್ಲಿ ‘ಹಂಟಿಂಗ್’ಗೆ ಕನ್ನಡದ್ದೋ ತುಳುವಿನದ್ದೋ ಬೇರೆ ಮಾತು ಕೇಳಿದ್ದೀರಾ? ‘ಉಸಿರು ಕಟ್ಟು’, ‘ದಮ್ ಕಟ್ಟು’ ಎರಡರಲ್ಲಿ ನಿಮ್ಮ ಊರಿನ ಡ್ರೈವರ್ ಯಾವುದು ಬಳಸುತ್ತಾರೆ? ನಿಘಂಟಿನಿಂದಲ್ಲ, ಕಿವಿಯಿಂದ ಉತ್ತರಿಸಿ.

ಹಾಳೆಯ ಮೊದಲ ಸಾಲು ಸದ್ಯ ಹೀಗಿದೆ: ‘ಪಿಕಪ್ ಇಲ್ಲ ಅಂದರೆ ಕೇಳು: ಇಂಜಿನ್ ಏಳ್ತದಾ, ಗಾಡಿ ಏಳ್ತದಾ?’ ಮೇಸ್ತ್ರಿ ಓದಿ, “ಏಳ್ತದಾ ಅಲ್ಲ ಸಾ, ಏಳ್ತೈತಾ” ಎಂದು ತಿದ್ದಿದ್ದಾರೆ. ನಾನು ಇನ್ನೂ ಒಪ್ಪಿಲ್ಲ.