ಅಪ್‌ಡೇಟ್: ಒಕವಾಂಗೊ ನೀರಿನ ಶಿಬಿರಕ್ಕೆ ಹೋಗಿ ಬಂದೆವು

ಬೋಟ್ಸ್ವಾನಾದ ಒಕವಾಂಗೊ ಜೌಗಿನಲ್ಲಿ ದೋಣಿಯಲ್ಲೇ ಸುತ್ತಾಡಿ ಪ್ರಾಣಿಗಳನ್ನು ನೋಡುವ ಸಫಾರಿ ಶಿಬಿರಕ್ಕೆ ಜುಲೈನಲ್ಲಿ ಅಪ್ಪ ಅಮ್ಮನೊಂದಿಗೆ ಹೋಗುವಾಗ ಲಗೇಜು, ಸಸ್ಯಾಹಾರ, ಸೊಳ್ಳೆಗಳಿಗೆ ಏನು ಮಾಡಬೇಕೆಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಗಾಲಿಯಿಲ್ಲದ ಮೆತ್ತನೆಯ ಬಟ್ಟೆಚೀಲ ಒಯ್ಯಿರಿ ಎಂದವರ ಮಾತೇ ನಿಜ. ಹತ್ತಿರದ ಮೌನ್ ಪಟ್ಟಣದಿಂದ ಶಿಬಿರಕ್ಕೆ ಹೊರಡುವ ಪುಟ್ಟ ವಿಮಾನದಲ್ಲಿ ಕ್ಯಾಮೆರಾ ಸೇರಿ ತಲಾ 20 ಕಿಲೋ ಮಾತ್ರ. ಗಟ್ಟಿ ಸೂಟ್‌ಕೇಸು ಅದರ ಹೊಟ್ಟೆಯೊಳಗೆ ಹೋಗುವುದೇ ಇಲ್ಲ. ಮೊಟ್ಟೆ, ಮೀನು ಕೂಡ ಬೇಡವೆಂದು ಮೊದಲೇ ಬರೆದು ತಿಳಿಸಿದ್ದರಿಂದ ಅಡುಗೆಯವರು ದಿನವೂ ಬೇಳೆ, ಅನ್ನ ಮಾಡಿಕೊಟ್ಟರು. ಅಮ್ಮನ ಚಟ್ನಿಪುಡಿಗೆ ಅಲ್ಲಿಯೂ ಅಭಿಮಾನಿಗಳು ಹುಟ್ಟಿಕೊಂಡರು!

ರೈಸ್ ಕುಕ್ಕರ್ ಒಯ್ಯಿರಿ ಎಂಬ ಸಲಹೆ ಮಾತ್ರ ಫಲಿಸಲಿಲ್ಲ. ಶಿಬಿರ ನಡೆಯುವುದು ಸೌರವಿದ್ಯುತ್ತಿನಲ್ಲಿ, ಬಿಸಿ ಮಾಡುವ ಉಪಕರಣಗಳಿಗೆ ಅವಕಾಶವಿಲ್ಲ. ಜುಲೈ ಅಲ್ಲಿ ಚಳಿಗಾಲ, ಹಾಗಾಗಿ ಸೊಳ್ಳೆ ಮುಲಾಮು ಹೆಚ್ಚೂ ಕಡಿಮೆ ಹಾಗೆಯೇ ಉಳಿಯಿತು. ಬೇಕಾಗಿದ್ದು ಉಣ್ಣೆಯ ಟೋಪಿ. ಬೆಳಗಿನ ದೋಣಿಯಲ್ಲಿ ಆ ಚಳಿ ಮೂಳೆಗೆ ಇಳಿಯುತ್ತದೆ. ಮಲೇರಿಯಾ ಮಾತ್ರೆಯ ವಿಷಯ ಮಾತ್ರ ವೈದ್ಯರಿಗೇ ಬಿಡಿ.

ಅಚ್ಚರಿಯೆಂದರೆ, ಅಲ್ಲಿ ಮಳೆಯಿಲ್ಲದ ತಿಂಗಳಲ್ಲೇ ನೀರು ತುಂಬಿರುತ್ತದೆ. ಅಂಗೋಲಾದ ಎತ್ತರದ ನಾಡಿನಲ್ಲಿ ವರ್ಷಾರಂಭಕ್ಕೆ ಸುರಿದ ಮಳೆ, ಇಳಿಜಾರೇ ಇಲ್ಲದಂಥ ನೆಲದಲ್ಲಿ ತೆವಳಿ ಬರಲು ತಿಂಗಳುಗಳೇ ಬೇಕು. ಆ ನೀರು ಸಮುದ್ರವನ್ನೂ ಸೇರುವುದಿಲ್ಲ, ಬಹುಪಾಲು ಆವಿಯಾಗಿ ಹೋಗುತ್ತದೆ.

ಸಿಂಹ ನೋಡಲೇಬೇಕೆನ್ನುವವರು ನೀರಿನ ಶಿಬಿರವೊಂದನ್ನೇ ನೆಚ್ಚಬೇಡಿ, ಜೀಪು ಓಡುವ ಒಣನೆಲದ ಶಿಬಿರವನ್ನೂ ಸೇರಿಸಿಕೊಳ್ಳಿ. ಅಪ್ಪನ ಗೊಣಗಾಟ ಇನ್ನೂ ನಿಂತಿಲ್ಲ.